ಕೇಳಿದಷ್ಟೂ ಕೆಂಪು

ಕೆಂಪು. ಮತ್ತೆ ಕೆಂಪು.

ಲೊರೆಟಾ ಪಿಕೆಟ್ ಕುರ್ಚಿಯಿಂದ ಅರ್ಧ ಎದ್ದು ನನ್ನ ಪರದೆಯ ಕಡೆ ಬಗ್ಗಿದಳು. ಬಣ್ಣ ನೋಡಿದಳು. ಕೂತಳು. ಕೈಯಲ್ಲಿದ್ದ ಡೋನಟ್ಟನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಕೇಳಿದಳು.

"ಮರಿ, ನಿನ್ನ ಈ ಡಬ್ಬಕ್ಕೆ ನನ್ನ ಕಂಡ್ರೆ ಆಗಲ್ವಾ?"

"ಡಬ್ಬಕ್ಕೆ ಯಾರನ್ನ ಕಂಡ್ರೂ ಏನೂ ಅನ್ಸಲ್ಲ ಲೊರೆಟಾ. ಅದು ಲೆಕ್ಕ ಹಾಕುತ್ತೆ, ಅಷ್ಟೇ."

"ಹಂಗಾದ್ರೆ ಅದಕ್ಕೆ ಲೆಕ್ಕ ಬರಲ್ಲ."

ನಕ್ಕೆ. ನಗಬಾರದಿತ್ತು, ಏಕೆಂದರೆ ಆ ಡಬ್ಬ ಕಟ್ಟಿದವಳು ನಾನೇ. ಹಳೆಯ ಅಪರಾಧದ ದಾಖಲೆಯನ್ನು ಕೋರ್ಟು ಅಳಿಸಿಹಾಕಬಹುದು, ಆದರೆ ಎಲ್ಲರದ್ದೂ ಅಲ್ಲ. ಯಾವ ಅಪರಾಧ, ಶಿಕ್ಷೆ ಮುಗಿದು ಐದು ವರ್ಷ ಆಯಿತೋ ಇಲ್ಲವೋ, ನಡುವೆ ಮತ್ತೇನಾದರೂ ಎಡವಟ್ಟಾಯಿತೋ, ಎಲ್ಲ ನೋಡಬೇಕು. ವಕೀಲರು ಒಬ್ಬೊಬ್ಬರ ಫೈಲು ಬಿಡಿಸಿಕೊಂಡು ಕೂತರೆ ಹೊತ್ತು ಮುಳುಗುತ್ತದೆ. ನನ್ನ ಪ್ರೋಗ್ರಾಂ ಹೆಸರು ಮತ್ತು ಹುಟ್ಟಿದ ದಿನ ಕೇಳುತ್ತದೆ, ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕಂಪ್ಯೂಟರಿನಿಂದ ವಿವರ ತರುತ್ತದೆ, ಬಣ್ಣ ಹೇಳುತ್ತದೆ. ಹಸಿರಾದರೆ ಅರ್ಜಿ. ಕೆಂಪಾದರೆ ಮನೆಗೆ. ಟ್ಯಾಮರಾಕ್ ಕೌಂಟಿಯ ಉಚಿತ ಕಾನೂನು ಕಚೇರಿ ಶನಿವಾರದ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಶಿಬಿರ ನಡೆಸುತ್ತದೆ. ಅಲ್ಲಿ ಈ ಡಬ್ಬ ಇಟ್ಟುಕೊಂಡು ಕೂರುವುದು ನನ್ನ ಕೆಲಸ. ಜನ ಹಸಿರು ನೋಡಿ ಅತ್ತದ್ದನ್ನು, ನನ್ನ ಕುತ್ತಿಗೆಗೆ ಜೋತುಬಿದ್ದದ್ದನ್ನು ಕಂಡಿದ್ದೇನೆ. ಅದಕ್ಕಿಂತ ಒಳ್ಳೆಯ ಕೆಲಸ ಭೂಮಿಯ ಮೇಲಿಲ್ಲ ಅಂತ ನಂಬಿದ್ದೆ. ಲೊರೆಟಾ ಬರಲು ಶುರು ಮಾಡುವವರೆಗೆ.

"ಈ ಸಲ ಹಸಿರಾಗ್ಲೇಬೇಕಿತ್ತು ಮರಿ," ಅಂದಳು. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ರಾಂಡಿ ಶುಕ್ರವಾರದವರೆಗೆ ಕಾಯ್ತೀನಿ ಅಂದಿದಾನೆ. ಆಮೇಲೆ ನನ್ನ ಸೀಟು ಹೋಯ್ತು."

ರಾಂಡಿ ಅಂದರೆ ಶಾಲಾ ಬಸ್ ಡಿಪೋದ ಯಜಮಾನ. ನಮ್ಮೂರಲ್ಲಿ ಬಸ್ಸುಗಳಿವೆ, ಓಡಿಸುವವರಿಲ್ಲ. ಹೋದ ಚಳಿಗಾಲದಲ್ಲಿ ಲೊರೆಟಾಳ ಬೀದಿಯ ಮಕ್ಕಳು ಬಾರದ ಬಸ್ಸಿಗೆ ಕಾದು ಕಾದು ಹಿಮದಲ್ಲಿ ಕಾಲು ಕುಣಿಸುತ್ತ ನಿಂತಿರುತ್ತಿದ್ದರು. ಬೇಕರಿ ವ್ಯಾನಿನಲ್ಲಿ ಹೋಗುತ್ತಿದ್ದ ಲೊರೆಟಾ ನಿಲ್ಲಿಸಿ ಬಿಸಿ ಬನ್ನು ಕೊಟ್ಟು ಹೋಗುತ್ತಿದ್ದಳು. ಕೊನೆಗೆ, ಬನ್ನು ಯಾಕೆ, ಬಸ್ಸೇ ಓಡಿಸೋಣ ಅಂತ ದೊಡ್ಡ ಗಾಡಿಯ ಲೈಸೆನ್ಸೂ ಮಾಡಿಸಿದಳು. ಪರೀಕ್ಷೆಯಲ್ಲಿ ಹಿಮ್ಮುಖವಾಗಿ ಬಸ್ ನಿಲ್ಲಿಸಿದ್ದನ್ನು ನೋಡಿ ರಾಂಡಿ ಚಪ್ಪಾಳೆ ತಟ್ಟಿದನಂತೆ. ಆಮೇಲೆ ಹಿನ್ನೆಲೆ ಪರಿಶೀಲನೆಯ ಕಾಗದ ಬಂತು. ಹದಿಮೂರು ವರ್ಷದ ಹಿಂದಿನ ಕೇಸು ಎದ್ದು ಕೂತಿತು.

ಆದರೂ ರಾಂಡಿ ಒಳ್ಳೆಯವನು. 'ಅರ್ಜಿ ಕೋರ್ಟಿಗೆ ಸೇರಿದೆ ಅಂತ ಮೊಹರು ಬಿದ್ದ ಪ್ರತಿ ಶುಕ್ರವಾರದೊಳಗೆ ತಾ. ತೀರ್ಪು ಬರೋವರೆಗೆ ನಿನ್ನ ಸೀಟಲ್ಲಿ ನಾನೇ ಕೂತು ಓಡಿಸ್ತೀನಿ. ಕಾಗದ ಇಲ್ಲಾಂದ್ರೆ ಆ ರೂಟನ್ನ ಹೊರಗಿನವರಿಗೆ ಗುತ್ತಿಗೆ ಕೊಡ್ತಾರೆ, ನನ್ನ ಕೈಲೇನೂ ಇಲ್ಲ' ಅಂದಿದ್ದ.

"ಯಾಕೆ ಕೆಂಪು? ಅದನ್ನಾದ್ರೂ ಹೇಳು."

"ಅದನ್ನ ಹೇಳೋ ಹಾಗಿಲ್ಲ."

"ಯಾರ್ ಹೇಳಿದ್ದು?"

ನಾನು ಮೂಲೆಯ ಮೇಜಿನ ಕಡೆ ನೋಡಿದೆ. ಅಲ್ಲಿ ನಮ್ಮ ಕಚೇರಿಯ ಹಿರಿಯ ವಕೀಲೆ ಇಂಗ್ರಿಡ್ ಹಾಲ್ವರ್ಸನ್ ಹಸಿರಿನವರ ಅರ್ಜಿಗಳಿಗೆ ಸಹಿ ಹಾಕುತ್ತಿದ್ದಳು. ಇಂಗ್ರಿಡ್‌ಗೆ ಎರಡು ನಿಯಮ. ಒಂದು, ಹಸಿರಿಲ್ಲದೆ ಅರ್ಜಿ ಇಲ್ಲ. ಹಿಂದೊಮ್ಮೆ ಅರ್ಹತೆ ಇಲ್ಲದವರ ಅರ್ಜಿಗಳು ಇವಳ ಕಟ್ಟಿನೊಳಗೆ ನುಸುಳಿ, ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರು ಕಟ್ಟನ್ನೇ ವಾಪಸ್ ಎಸೆದು 'ಓದ್ಕೊಂಡು ಬರ್ತೀರಾ, ಸುಮ್ನೆ ಬರ್ತೀರಾ?' ಅಂದಿದ್ದರು. ಅವತ್ತಿನಿಂದ, ಇನ್ನು ಮುಂದೆ ಪ್ರತಿ ಅರ್ಜಿಯೂ ಪ್ರೋಗ್ರಾಂ ದಾಟಿಯೇ ಬರುತ್ತದೆ ಅಂತ ಇಂಗ್ರಿಡ್ ಕೋರ್ಟಿಗೆ ಮಾತು ಕೊಟ್ಟುಬಿಟ್ಟಿದ್ದಳು. ಎರಡನೆಯ ನಿಯಮ ನನ್ನ ರಕ್ತ ಕುದಿಸಿದ್ದು. ಪರದೆ ಬಣ್ಣ ತೋರಿಸಬಹುದು, ಕಾರಣ ಹೇಳಬಾರದು. ವಿನ್ಯಾಸದ ಸಭೆಯಲ್ಲಿ ನಾನು ಎಷ್ಟು ಬಡಕೊಂಡೆ! 'ಕಾರಣ ಹೇಳಿದ್ರೆ ಅದು ಕಾನೂನು ಸಲಹೆ ಆಗುತ್ತೆ ಮೆಗ್. ಸಲಹೆ ಕೊಡೋಕೆ ವಕೀಲರಾಗಿರ್ಬೇಕು. ನಿನ್ನ ಡಬ್ಬ ಯಾವ ಕಾಲೇಜಲ್ಲಿ ಓದಿದೆ?' ಅಂತ ಕೇಳಿ ಎಲ್ಲರನ್ನೂ ನಗಿಸಿ ಮುಂದಿನ ವಿಷಯಕ್ಕೆ ಹೋದಳು.

ಹಾಗಾಗಿ ಲೊರೆಟಾ ಪ್ರತಿ ಸಲ ಓದುತ್ತಿದ್ದದ್ದು ಒಂದೇ ಸಾಲು: 'ನಿಮಗೆ ಇನ್ನೂ ಅರ್ಹತೆ ಬಂದಿಲ್ಲ. ದಯವಿಟ್ಟು ಕೆಲಕಾಲದ ನಂತರ ಮತ್ತೆ ವಿಚಾರಿಸಿ.'

ಆ ಸಾಲು ಬರೆದವಳು ನಾನು. ಸೌಜನ್ಯದ ಸಾಲು ಅಂದುಕೊಂಡಿದ್ದೆ.

"ರೆಟ್ಟಾ, ಆಯ್ತಾ?" ಅಂತ ಲೊರೆಟಾಳ ತಮ್ಮ ವರ್ಜಿಲ್ ಬಂದ. ಅಕ್ಕನ ಕಾರು ಗ್ಯಾರೇಜಿನಲ್ಲಿತ್ತು, ಇವನ ಟ್ರಕ್ಕಿನಲ್ಲಿ ಬಂದಿದ್ದರು. ಎರಡು ಕೈಯಲ್ಲೂ ಶಿಬಿರದ ಬಿಟ್ಟಿ ಡೋನಟ್ಟು, ಎಡಗೈಯದರ ಮೇಲೆ ಇನ್ನೊಂದು.

"ನೀನು ಮಾಡೋಕೆ ಬಂದಿದ್ದೇನು, ತಿನ್ನೋಕಾ?"

"ಹೌದು. ಮತ್ತಿನ್ನೇನು?" ಅಂದು ಪಕ್ಕದ ಖಾಲಿ ಕಂಪ್ಯೂಟರಿನ ಮುಂದೆ ಕೂತ. "ಇದೇನಾ ಆ ಭವಿಷ್ಯ ಹೇಳೋದು? ನನ್ನದೂ ಹೇಳುತ್ತಾ?"

"ಸಕ್ಕರೆ ಕೈಯಲ್ಲಿ ಮುಟ್ಟಬೇಡ," ಅಂದೆ. ಅಷ್ಟರಲ್ಲಿ ಒಂದು ಬೆರಳಲ್ಲಿ ತನ್ನ ಹೆಸರು, ಹುಟ್ಟಿದ ದಿನ ಕುಟ್ಟಿಯಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಹದಿಮೂರು ವರ್ಷದ ಹಿಂದಿನ ಆ ಕೇಸು ಇಬ್ಬರದ್ದೂ. ಬಾಗಿಲು ಹಾಕಿದ್ದ ಕುರ್ಚಿ ಕಾರ್ಖಾನೆಗೆ ಅಕ್ಕ ತಮ್ಮ ಒಂದೇ ಕಿಟಕಿಯಿಂದ ನುಗ್ಗಿ, ತಾಮ್ರದ ಪೈಪು ಕಿತ್ತು ಒಂದೇ ಗುಜರಿ ಅಂಗಡಿಗೆ ಮಾರಿದ್ದರು. ಅವರಪ್ಪ ಅಲ್ಲೇ ದುಡಿದು ಬೆನ್ನು ಮುರಿದುಕೊಂಡವನು. ಕಾರ್ಖಾನೆಯವರು ಬರಬೇಕಾದ್ದನ್ನು ಕೊಡದೆ ಬೀಗ ಹಾಕಿಕೊಂಡು ಹೋದಾಗ, 'ಪೈಪಾದ್ರೂ ಕೊಡ್ಲಿ' ಅಂತ ಇವರು ಹೊರಟದ್ದು. ಯಾರ ಯೋಚನೆ ಅನ್ನುವುದರ ಬಗ್ಗೆ ಮಾತ್ರ ಇವತ್ತಿಗೂ ಜಗಳ. ಒಂದೇ ದಿನ ಇಬ್ಬರೂ ತಪ್ಪೊಪ್ಪಿಕೊಂಡರು. ಒಂದೇ ನ್ಯಾಯಾಧೀಶರು, ಒಂದೇ ಶಿಕ್ಷೆ, ಜೈಲಿನ ಬದಲು ಅಧಿಕಾರಿಯ ಕಣ್ಗಾವಲಿನಲ್ಲಿ ಎರಡು ವರ್ಷದ ಪ್ರೊಬೇಷನ್. ಫೈಲು ಮಾತ್ರ ಇಬ್ಬರಿಗೂ ಬೇರೆ ಬೇರೆ.

ವರ್ಜಿಲ್‌ನ ಪರದೆ ಹಸಿರಾಯಿತು.

ಕಾಫಿ ಪಾತ್ರೆ ಮಾತ್ರ ಗುಳುಗುಳು ಅನ್ನುತ್ತಿತ್ತು.

"ಹಸಿರು ಅಂದ್ರೆ ಒಳ್ಳೇದಾ ಕೆಟ್ಟದ್ದಾ?" ಅಂದ ವರ್ಜಿಲ್.

ಲೊರೆಟಾ ಎದ್ದಳು. "ನಿನಗೆ? ನಿನಗೆ ಹಸಿರಾ? ಕಿಟಕಿ ಒಡೆದೋನು ನೀನು!"

"ಟಾರ್ಚ್ ಹಿಡಿದೋಳು ನೀನು ಕಣೇ."

"ನೀನು ಒಂದಿನಾನಾದ್ರೂ ಕೇಳಿದ್ಯಾ ಇದರ ಬಗ್ಗೆ? ನಿನ್ನ ಪ್ರೊಬೇಷನ್ ಆಫೀಸರ್ ಹೆಸರಾದ್ರೂ ನೆನಪಿದ್ಯಾ?"

"ಮೀಸೆ ಇತ್ತು ಅವನಿಗೆ."

"ನಿನ್ನ ಆಫೀಸರ್ ಹೆಂಗಸು ಕಣೋ! ಮೀಸೆಯವನು ನನ್ನೋನು!" ಅವಳು ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು. "ನಾನೇನು ಅವನಿಗಿಂತ ಹೆಚ್ಚು ಮಾಡಿದೀನಾ ಮರಿ?"

ಒಂದೇ ಕೇಸು, ಒಂದೇ ದಿನ, ಎರಡು ಬಣ್ಣ. ಪ್ರೋಗ್ರಾಮಿನ ಒಳಗೆ ಹೋಗಿ, ಪರದೆಗೆ ಬಾರದ ವಿವರಗಳನ್ನು ತೆರೆದೆ. ವರ್ಜಿಲ್‌ನ 'ಶಿಕ್ಷೆ ಮುಗಿದ ದಿನ' ಹನ್ನೊಂದು ವರ್ಷದ ಹಿಂದಿನದು. ಲೊರೆಟಾಳದ್ದು ಹೋದ ತಿಂಗಳಿನದು.

ಹೋದ ತಿಂಗಳು?

"ಹೋದ ತಿಂಗಳು ನೀವು ಕೋರ್ಟಿಗೇನಾದ್ರೂ ಹೋಗಿದ್ರಾ?"

"ಇಲ್ಲಿಗೆ ಬಂದಿದ್ದೆ. ನಿನ್ನ ಹತ್ರ."

"ಅದಕ್ಕೂ ಹಿಂದೆ?"

"ಅದರ ಹಿಂದಿನ ತಿಂಗಳೂ ನಿನ್ನ ಹತ್ರ. ಎಲ್ಲಕ್ಕಿಂತ ಮೊದಲು ಕೋರ್ಟಿನ ಕಿಟಕಿಗೆ ಹೋಗಿ ಕೇಳಿದ್ದೆ. ಆ ಹುಡುಗಿ ಫೈಲ್ ತೆಗೆದು ನೋಡಿ, ಶನಿವಾರ ಚರ್ಚಿಗೆ ಹೋಗಿ ಅಂದ್ಲು."

ಫೈಲ್ ತೆಗೆದು ನೋಡಿ.

ಅಯ್ಯೋ ದೇವರೇ. ನಾವು ಯಾರದೇ ಹೆಸರು ಹಾಕಿದರೂ ಕೋರ್ಟಿನ ಕಚೇರಿಗೆ ಒಂದು ಕೋರಿಕೆ ತಾನಾಗೇ ಹೋಗುತ್ತದೆ, ಇಂಗ್ರಿಡ್‌ಗೆ ಪ್ರತಿ ಬೇಕಾದೀತು ಅಂತ. ಸೋಮವಾರ ಅಲ್ಲಿನವರು ಫೈಲು ತೆರೆಯುತ್ತಾರೆ. ತೆರೆದೊಡನೆ 'ಕೊನೆಯ ಚಟುವಟಿಕೆ' ಅನ್ನುವ ಕಾಲಮ್ಮಿನಲ್ಲಿ ಆ ದಿನದ ತಾರೀಕು ಕೂರುತ್ತದೆ. ಹಳೆಯ ಕೇಸುಗಳಲ್ಲಿ ಶಿಕ್ಷೆ ಮುಗಿದ ದಿನದ ಕಾಲಂ ಖಾಲಿ. ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗ ಎಲ್ಲೋ ಉದುರಿಹೋಗಿದೆ. ಅದಕ್ಕೆ ಬದಲು ನಮ್ಮ ಪ್ರೋಗ್ರಾಂ ನೋಡುತ್ತಿದ್ದದ್ದು ಆ 'ಕೊನೆಯ ಚಟುವಟಿಕೆ'ಯನ್ನೇ.

ಅಂದರೆ ಲೊರೆಟಾ ಪ್ರತಿ ಸಲ ಬಂದು 'ಐದು ವರ್ಷ ಆಯ್ತಾ?' ಅಂತ ಕೇಳಿದಾಗಲೂ, ಅವಳು ಕೇಳಿದ ಕಾರಣಕ್ಕೇ, ಐದು ವರ್ಷ ಮೊದಲಿನಿಂದ ಶುರುವಾಗುತ್ತಿತ್ತು. ಈಗ ಮತ್ತೆ ಕೇಳಿದ್ದಾಳೆ. ಸೋಮವಾರ ಮತ್ತೆ ಶುರು.

ನಾನು ಕೀಲಿಮಣೆಗೆ ತಲೆ ಚಚ್ಚಿಕೊಂಡೆ. ನಿಜವಾಗಿಯೂ. ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿತು.

"ಏನಾಯ್ತು ಮರಿ?"

ಹೇಳಿದೆ. ನಿಯಮ ಮುರಿದು, ಕಾರಣ ಹೇಳಿದೆ.

ಲೊರೆಟಾ ಮತ್ತೆ ಕುರ್ಚಿಯಲ್ಲಿ ಕೂತಳು. "ಅಂದ್ರೆ... ಗಾಯ ಮಾಯ್ತಾ ಅಂತ ನಾನು ಬಂದು ಬಂದು ಕೇಳಿದ್ದು. ನೀವು ಪ್ರತಿ ಸಲ ಹಕ್ಕಳೆ ಕಿತ್ತು ನೋಡಿ, ಇನ್ನೂ ಇಲ್ಲ ಅಂದಿದ್ದು."

"ಹೌದು."

"ಕೆಲಕಾಲದ ನಂತರ ಮತ್ತೆ ವಿಚಾರಿಸಿ ಅಂತ ಬೇರೆ ಬರ್ದಿದ್ದೀರಿ."

"ಹೌದು."

"ನಾನು ಹೇಳ್ತಾನೇ ಇದ್ದೆ," ಅಂದ ವರ್ಜಿಲ್ ಬಾಯಿ ತುಂಬ ಡೋನಟ್ಟಿಟ್ಟುಕೊಂಡು, "ಸರ್ಕಾರದೋರನ್ನ ಯಾವತ್ತೂ ಏನೂ ಕೇಳಬಾರದು ಅಂತ."

ಲೊರೆಟಾ ಅವನ ಎಡಗೈಯ ಡೋನಟ್ಟು ಕಿತ್ತುಕೊಂಡು ಕಸದ ಬುಟ್ಟಿಗೆಸೆದಳು.

ಇಂಗ್ರಿಡ್ ಹತ್ತಿರ ಓಡಿದೆ. ಪೂರ್ತಿ ಕೇಳಿಸಿಕೊಂಡಳು. ಕನ್ನಡಕ ತೆಗೆದು ಮೂಗಿನ ಮೇಲೆ ಬಿದ್ದಿದ್ದ ಗುಳಿ ಒತ್ತಿಕೊಂಡಳು.

"ಪ್ರೋಗ್ರಾಂ ಏನು ಹೇಳುತ್ತೆ?"

"ಕೆಂಪು ಅನ್ನುತ್ತೆ. ಆದ್ರೆ ಅದು ತಪ್ಪು!"

"ತಪ್ಪು ಅಂತ ಹೇಳೋದು ಯಾರು?"

"ನಾನು! ಬರೆದೋಳು ನಾನು!"

"ಅದೇ ಬಾಯಲ್ಲಿ ಹೋದ ವರ್ಷ ಸರಿ ಅಂತ ಹೇಳಿದ್ದೆ. ಮೆಗ್, ಒಂದು ಅರ್ಜಿ ಹಿಂಬಾಗಿಲಿಂದ ಕಳಿಸಿ ಸಿಕ್ಕಿಬಿದ್ರೆ, ಮುಂದಿನ ನೂರು ಅರ್ಜಿ ನ್ಯಾಯಾಧೀಶರು ಓದೋದೇ ಇಲ್ಲ. ಮೊದಲು ಡಬ್ಬ ಸರಿ ಮಾಡು. ಸರಿಯಾಗಿದೆ ಅಂತ ನನಗೆ ತೋರ್ಸು. ಆಮೇಲೆ ಸಹಿ."

ಕಿರುಚಬೇಕು ಅನಿಸಿತು. ಅವಳು ಹೇಳುವುದರಲ್ಲಿ ಅರ್ಥವಿತ್ತು ಅನ್ನುವುದು ಇನ್ನೂ ಹೆಚ್ಚು ಸಿಟ್ಟು ತರಿಸಿತು.

ಸೋಮವಾರ ಬೆಳಿಗ್ಗೆ ಕೌಂಟಿಯ ಕಂಪ್ಯೂಟರ್ ವಿಭಾಗದ ಡೇಲ್‌ಗೆ ಫೋನ್ ಮಾಡಿದೆ. ಆ ಕಾಲಂ ಬಳಸಿಕೋ ಅಂತ ನನಗೆ ಹೇಳಿದ್ದವನು ಅವನೇ.

"ಡೇಲ್, 'ಕೊನೆಯ ಚಟುವಟಿಕೆ' ಯಾವಾಗ ಬದಲಾಗುತ್ತೆ?"

"ಚಟುವಟಿಕೆ ಆದಾಗ."

"ಯಾರೋ ಬರೀ ಫೈಲ್ ತೆಗೆದು ನೋಡಿದ್ರೂನಾ?"

"ತೆಗೆದ್ರಲ್ಲ. ಚಟುವಟಿಕೆ ತಾನೇ?"

"ಶಿಕ್ಷೆ ಮುಗಿದ ದಿನಕ್ಕೆ ಇದನ್ನೇ ಹಿಡ್ಕೋ ಅಂದೋರು ನೀವೇ!"

"ಮುಚ್ಚಿದ ಫೈಲನ್ನ ಆಮೇಲೆ ಯಾರೂ ಮುಟ್ಟಲ್ಲ ಅಂದಿದ್ದೆ. ನಿಜ ತಾನೇ? ನಿಮ್ಮ ಶಿಬಿರ ಶುರುವಾಗೋಕೆ ಮುಂಚೆ ಯಾರು ಮುಟ್ತಿದ್ರು? ಮುಟ್ತಿರೋರು ನೀವು."

"ಸರಿ. ತೆರೆದು ನೋಡಿದ್ದನ್ನ ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡೋಕಾಗುತ್ತಾ?"

"ಯಾಕಾಗಲ್ಲ? ಕೋರಿಕೆ ಹಾಕಿ. ಸಮಿತಿ ನೋಡುತ್ತೆ."

"ಸಮಿತಿ ಯಾವಾಗ ಸೇರುತ್ತೆ?"

"ಜಿಂಕೆ ಬೇಟೆ ಮುಗಿದ ಮೇಲೆ."

ನಮ್ಮಲ್ಲಿ ಬೇಟೆ ನವೆಂಬರಿಗೆ, ಆಗಸ್ಟ್ ಇನ್ನೂ ಮುಗಿದಿರಲಿಲ್ಲ. ಜಿಂಕೆಗಳಿಗೆ ಇನ್ನೂ ಯಾವ ಯೋಚನೆಯೂ ಇರಲಿಲ್ಲ. ಫೋನ್ ಇಟ್ಟೆ.

ಕೌಂಟಿಯನ್ನು ಬಿಟ್ಟು ನನ್ನ ಕಡೆಯಿಂದಲೇ ಸರಿ ಮಾಡಬೇಕಿತ್ತು. ತೀರ್ಪಿನ ದಿನ ದಾಖಲೆಯಲ್ಲಿದೆ. ಪ್ರೊಬೇಷನ್ ಎಷ್ಟು ವರ್ಷ ಅನ್ನುವುದೂ ಇದೆ. ಕೂಡಿಸಿದರೆ ಮುಗಿದ ದಿನ ಸಿಗುತ್ತದೆ. ನಡುವೆ ಷರತ್ತು ಮುರಿದ ಗುರುತಿದ್ದರೆ ಮಾತ್ರ ಬಣ್ಣ ಹಳದಿಯಾಗಿ, ಇಂಗ್ರಿಡ್ ಕಣ್ಣಿಗೆ ಹೋಗಲಿ. ಇಷ್ಟೇ! ಬರೆಯುವುದಕ್ಕೆ ಒಂದು ಬೆಳಿಗ್ಗೆ ಹಿಡಿಯಿತು. ಫೈಲು ತರಿಸುವ ಕೋರಿಕೆಯನ್ನೂ ಕಿತ್ತುಹಾಕಿದೆ, ಇನ್ನು ಅದು ಹೋಗುವುದು ಹಸಿರಾದವರಿಗೆ ಮಾತ್ರ.

ತೋರಿಸು ಅಂದಿದ್ದಳಲ್ಲ. ಬುಧವಾರ ಇಂಗ್ರಿಡ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈವರೆಗೆ ಕೆಂಪು ಬಂದವರನ್ನೆಲ್ಲ ಹೊಸ ಲೆಕ್ಕದಲ್ಲಿ ಓಡಿಸಿದೆ. ನಿಜವಾಗಿ ಅರ್ಹತೆ ಇಲ್ಲದವರು ಕೆಂಪಾಗಿಯೇ ಉಳಿದರು. ಮಿಕ್ಕವರು ಒಬ್ಬೊಬ್ಬರಾಗಿ ಹಸಿರಾದರು. ಇಂಗ್ರಿಡ್ ಹಸಿರಾದ ಹೆಸರುಗಳನ್ನು ಜೋರಾಗಿ ಓದತೊಡಗಿದಳು. ಪ್ರತಿ ಹೆಸರಿಗೂ ಒಂದು ಮುಖ ಇತ್ತು. ಬೈಬಲ್ ತಗೊಂಡು ಬರುತ್ತಿದ್ದ ಮುದುಕ. ಪ್ರತಿ ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದ ಬಡಗಿ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದ, ಕೊನೆಗೆ ಬರುವುದನ್ನೇ ಬಿಟ್ಟ ಆ ಹುಡುಗಿ.

"ಇವರೆಲ್ಲ ಪದೇ ಪದೇ ಬರ್ತಿದ್ದೋರು," ಅಂದಳು ಇಂಗ್ರಿಡ್.

"ಅದಕ್ಕೇ ಕೆಂಪಿದ್ದಿದ್ದು."

"ಯಾವತ್ತೂ ಕೇಳದೆ ಇದ್ದೋರು..."

"ಡೋನಟ್ಟಿಗೆ ಬಂದೋರು. ಹಸಿರು."

ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ, "ಕಾರಣ ತೋರಿಸಿದ್ದಿದ್ರೆ ಮೊದಲನೇ ಶನಿವಾರವೇ ಯಾರಾದ್ರೂ ಜಗಳ ತೆಗೀತಿದ್ರು," ಅಂದಳು. ಇಂಗ್ರಿಡ್ ಬಾಯಲ್ಲಿ ಇದಕ್ಕಿಂತ ದೊಡ್ಡ ಕ್ಷಮಾಪಣೆ ಬರುವುದಿಲ್ಲ. "ಒಂದು ಸಾಲು. ಒಂದೇ ಸಾಲು ಕಾರಣ ಹಾಕು. ಆದ್ರೆ ನಾನು ಬರೆದು ಕೊಡ್ತೀನಿ."

ಬರೆದು ಕೊಟ್ಟಳು. 'ದಾಖಲೆಗಳ ಪ್ರಕಾರ, ಬಹುಶಃ, ಇತರ ಅಂಶಗಳಿಗೆ ಒಳಪಟ್ಟು' ಅಂತ ಶುರುವಾಗಿ, ಉಸಿರು ಕಟ್ಟುವಷ್ಟು ಉದ್ದ ಹೋಗಿ, ಎಲ್ಲೂ ಮುಟ್ಟದೆ ನಿಲ್ಲುವ ಸಾಲು. ಗುರುವಾರವೆಲ್ಲ ಆ ಸಾಲಿನ ಮೇಲೆ ಕುಸ್ತಿ. ನಾನು ಒಂದು 'ಬಹುಶಃ' ತೆಗೆದರೆ ಅವಳು ಇನ್ನೊಂದನ್ನು ಬೇರೆ ಕಡೆ ನೆಡುತ್ತಿದ್ದಳು. ಕೊನೆಗೆ ಉಳಿದದ್ದು ಇದು: 'ನಿಮ್ಮ ಶಿಕ್ಷೆ ಮುಗಿದ ದಿನ ಇದು ಅಂತ ನಮ್ಮ ಲೆಕ್ಕ. ತಪ್ಪಿದ್ದರೆ ಈಗಲೇ ಹೇಳಿ.' ಸಂಜೆಯ ಹೊತ್ತಿಗೆ ಲೊರೆಟಾಳ ಅರ್ಜಿಗೆ ಸಹಿ ಬಿತ್ತು.

ಶುಕ್ರವಾರ ಕೋರ್ಟಿನ ಕಿಟಕಿಯ ಮುಂದೆ ಸಾಲು ಬಾಗಿಲ ತನಕ ಇತ್ತು. ಮದುವೆ ಲೈಸೆನ್ಸಿಗೆ ಬಂದ ಜೋಡಿ, ದಂಡ ಕಟ್ಟಲು ಬಂದವರು, ನಡುವೆ ನಾವು ಮೂವರು. ವರ್ಜಿಲ್ ತನ್ನ ಅರ್ಜಿಯನ್ನೂ ತಂದಿದ್ದ.

"ನಿಂಗ್ಯಾಕೋ ಇದು? ಬೇಡ ಅಂತಿದ್ದೆ."

"ನಿನ್ನದು ಅಳಿಸಿ ನನ್ನದು ಉಳಿದ್ರೆ, ಪೈಪ್ ಕಿತ್ತಿದ್ದು ನಾನೊಬ್ಬನೇ ಅಂತ ಆಗಲ್ವಾ? ಟಾರ್ಚ್ ಯಾರು ಹಿಡಿದಿದ್ರು ಅಂತ ಆಮೇಲೆ ಯಾರನ್ನ ಕೇಳ್ಲಿ?"

ನಮ್ಮ ಸರದಿ ಬಂತು. ಕಿಟಕಿಯ ಒಳಗಿನ ಗುಮಾಸ್ತೆ ಕೈ ಚಾಚಿದಳು. ಲೊರೆಟಾ ಅರ್ಜಿ ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡಳು.

"ಕೊಡಿ ಮೇಡಂ."

"ಇದನ್ನ ತಗೊಂಡು ಏನ್ ಮಾಡ್ತೀಯಾ?"

"ನಿಮ್ಮ ಫೈಲ್ ತೆಗೆದು ಒಳಗೆ ಸೇರಿಸ್ತೀನಿ."

"ಫೈಲ್ ತೆಗೀಬೇಡ!"

ಇಡೀ ಸಾಲು ತಿರುಗಿ ನೋಡಿತು.

"ಫೈಲ್ ತೆಗೀದೆ ಹೆಂಗ್ ಸೇರಿಸ್ಲಿ?"

"ಲೊರೆಟಾ," ಅಂದೆ, "ಈಗ ಅದು ಲೆಕ್ಕಕ್ಕಿಲ್ಲ. ಸರಿ ಮಾಡಿದೀನಿ. ಕೊಡಿ."

"ಹೋದ ಸಲಾನೂ ಲೆಕ್ಕ ಸರಿಯಾಗಿದೆ ಅಂದಿದ್ದೆ ಮರಿ." ಕಾಗದವನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. "ಇವಳು ಇವತ್ತು ತೆಗೀತಾಳೆ. ಇವತ್ತಿನ ತಾರೀಕು ಬೀಳುತ್ತೆ. ಮತ್ತೆ ಐದು ವರ್ಷ. ರಾಂಡಿ ಬಸ್ಸು ಹೋಯ್ತು, ಎಲ್ಲಾ ಹೋಯ್ತು."

ಅವಳ ಹೆದರಿಕೆಯನ್ನು ತಯಾರಿಸಿದ್ದೇ ನನ್ನ ಡಬ್ಬ. ಹಿಂದಿನಿಂದ ಮದುವೆಯ ಗಂಡು, "ಅಮ್ಮಾ, ನನ್ನ ಹುಡುಗಿ ಮನಸ್ಸು ಬದಲಾಯಿಸೋಕೆ ಮುಂಚೆ ಬೇಗ ಮುಗಿಸಿ," ಅಂದ. ವರ್ಜಿಲ್ ಮುಂದೆ ಬಂದು ತನ್ನ ಕಾಗದವನ್ನು ಕಿಟಕಿಯೊಳಗೆ ತುರುಕಿದ.

"ನಂದು ಮೊದಲು ತೆಗಿ. ಸುಟ್ಟುಹೋದ್ರೆ ನಂದು ಹೋಗ್ಲಿ."

ಗುಮಾಸ್ತೆ ಅವನ ಫೈಲು ತೆರೆದಳು, ಸೇರಿಸಿದಳು, ಧಪ್ ಅಂತ ಮೊಹರು ಹಾಕಿದಳು. ನಾನು ಫೋನಿನಲ್ಲಿ ಅವನ ಹೆಸರು ಹಾಕಿ ಲೊರೆಟಾಳ ಮೂಗಿನ ಮುಂದೆ ಹಿಡಿದೆ. ಹಸಿರು. ಕೆಳಗೆ ಆ ಒಂದು ಸಾಲು, ಹನ್ನೊಂದು ವರ್ಷದ ಹಿಂದಿನ ತಾರೀಕು. ಕದಲಿರಲಿಲ್ಲ.

ಅವಳು ಎರಡು ಸಲ ಓದಿದಳು. ಆಮೇಲೆ ಕಾಗದವನ್ನು ಕಿಟಕಿಯೊಳಗೆ ಕೊಟ್ಟು, ಕೊಟ್ಟ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಧಪ್. ಮೊಹರು ಬಿದ್ದ ಪ್ರತಿ ಈಚೆ ಬಂತು. ಅವಳು ತೆಗೆದುಕೊಳ್ಳಲಿಲ್ಲ.

"ಈಗ ನಂದು ನೋಡು."

ನೋಡಿದೆ. ಹಸಿರು.

"ಇನ್ನೊಂದ್ಸಲ ನೋಡು."

ಹಸಿರು.

"ಮತ್ತೆ ಕೇಳು ಮರಿ."

"ಎಷ್ಟು ಸಲ ಕೇಳ್ಬೇಕು ಲೊರೆಟಾ?" ಅಂದೆ.

"ನಾನು ಸಾಕು ಅನ್ನೋವರೆಗೆ."

ಕೇಳಿದೆ. ಹಸಿರು. ಮತ್ತೆ ಕೇಳಿದೆ. ಹಿಂದಿನವರು ಗೊಣಗುತ್ತಿದ್ದರು, ಮದುವೆ ಹುಡುಗಿ ನಿಜಕ್ಕೂ ಗಡಿಯಾರ ನೋಡುತ್ತಿದ್ದಳು, ಗುಮಾಸ್ತೆ 'ನೆಕ್ಸ್ಟ್' ಅಂತ ಎರಡು ಸಲ ಕೂಗಿದ್ದಳು. ನಾವು ಕಿಟಕಿಯ ಪಕ್ಕಕ್ಕೆ ಒಂದು ಮೊಳ ಸರಿದು ನಿಂತು ಒತ್ತುತ್ತಲೇ ಇದ್ದೆವು. ಕೊನೆಗೆ ವರ್ಜಿಲ್ ಪ್ರತಿಯನ್ನು ಅಕ್ಕನ ಕೈಗೆ ತುರುಕಿ, "ನಡಿಯೇ, ರಾಂಡಿ ಊಟಕ್ಕೆ ಹೋಗಿಬಿಟ್ಟಾನು," ಅಂತ ಅವಳ ತೋಳು ಹಿಡಿದು ಬಾಗಿಲ ಕಡೆ ಎಳೆದ.